ಮಾಗಿಯ ಹೊಗೆ ಏಕೆ ಮೇಲೇರುವುದಿಲ್ಲ?

ಮಾರ್ಗಶಿರ, ಪುಷ್ಯ ಮಾಸಗಳ ನಸುಕಿನಲ್ಲಿ ಶೆಟ್ಟಿಕೆರೆಯ ಸುತ್ತಣ ಯಾವ ಹಳ್ಳಿಗೆ ಹೋದರೂ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಬಚ್ಚಲ ಒಲೆಗಳಿಂದ ಎದ್ದ ಹೊಗೆ ತೆಂಗಿನ ಮರದ ಎತ್ತರದವರೆಗೆ ಏರಿ, ಮುಂದೆ ಹೋಗಲಾರದೆ, ಪಂಚೆ ಹರವಿದಂತೆ ತೋಟದ ಮೇಲೆ ಅಡ್ಡಲಾಗಿ ನಿಂತುಬಿಡುತ್ತದೆ. ನಾವು ಅದನ್ನು ಮಂಜೆಂದೇ ಭಾವಿಸುತ್ತ ಬಂದಿದ್ದೇವೆ. ಮಂಜೂ ಇರುತ್ತದೆ, ನಿಜ. ಆದರೆ ತೆಂಗಿನ ಸಿಪ್ಪೆ ಸುಟ್ಟ ವಾಸನೆ ಮೂಗಿಗೆ ಬಡಿದರೆ ಅದು ಬರಿಯ ಮಂಜಲ್ಲ. ಹಿರಿಯರ ಗೂರಲು ಇದೇ ದಿನಗಳಲ್ಲಿ ಹೆಚ್ಚುವುದಕ್ಕೆ ಚಳಿಯೊಂದೇ ಕಾರಣವಲ್ಲ.

ಒಲೆ ವರ್ಷವೆಲ್ಲ ಉರಿಯುತ್ತದೆ. ಹೊಗೆ ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ನೆಲ ಮತ್ತು ಋತು ನಿರ್ಧರಿಸುತ್ತವೆ. ಮಂಗಳೂರಿನಂತಹ ಕರಾವಳಿಯ ಊರಿನಲ್ಲಿ ಹಗಲು ನೆಲ ಬೇಗ ಕಾಯುವುದರಿಂದ ಕಡಲ ಕಡೆಯಿಂದ ಗಾಳಿ ಬೀಸುತ್ತದೆ, ರಾತ್ರಿ ನೆಲದಿಂದ ಕಡಲಿನತ್ತ ತಿರುಗುತ್ತದೆ. ನಾವಾದರೋ ಕಡಲಿನಿಂದ ನೂರೈವತ್ತು ಕಿಲೋಮೀಟರಿಗೂ ದೂರ, ಸುಮಾರು ೮೦೦ ಮೀಟರ್ ಎತ್ತರದ ಒಳನಾಡಿನವರು. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ನಮಗೆ ಬೀಳುವ ಮಳೆ ಮಂಗಳೂರಿನ ಮಳೆಯ ಐದನೇ ಒಂದು ಭಾಗದಷ್ಟು. ದಿನಕ್ಕೆರಡು ಬಾರಿ ಗುಡಿಸುವ ಆ ಪೊರಕೆ ನಮಗಿಲ್ಲ.

ಆಷಾಢದಲ್ಲಿ ಮಾತ್ರ ನಮಗೂ ಆ ಭಾಗ್ಯವುಂಟು. ಗರಿಗಳನ್ನು ಕಿತ್ತೆಸೆಯುವ ಆ ಗಾಳಿ ಹೊಗೆಯನ್ನು ಒಂದು ಗಳಿಗೆಯೂ ನಿಲ್ಲಗೊಡುವುದಿಲ್ಲ. ಹಿಂಗಾರಿನ ಮಳೆ ಧೂಳನ್ನು ತೊಳೆಯುತ್ತದೆ. ಬೇಸಿಗೆಯಲ್ಲಿ ಧೂಳಿದ್ದರೂ ಕಾದ ನೆಲದ ಬಿಸಿಗಾಳಿ ಅದನ್ನು ಬಹು ಎತ್ತರಕ್ಕೆ ಒಯ್ದು ಹರಡುತ್ತದೆ. ಕಾರ್ತಿಕ ಕಳೆದ ಮೇಲೆ ಇದೆಲ್ಲ ತಿರುವುಮುರುವಾಗುತ್ತದೆ. ಮೋಡವಿಲ್ಲದ ನಿಶ್ಚಲ ರಾತ್ರಿಯಲ್ಲಿ ನೆಲ ತನ್ನ ಬಿಸಿಯನ್ನು ಬೇಗನೆ ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಮೇಲಿನ ಪದರ ಬೆಚ್ಚಗೆ ಉಳಿದು ಮುಚ್ಚಳದಂತೆ ಕೂರುತ್ತದೆ. ತಣ್ಣನೆಯ ಗಾಳಿ ನೀರಿನಂತೆಯೇ ತಗ್ಗಿಗೆ ಹರಿಯುವುದರಿಂದ ಕೆರೆಯ ಹಿಂದಿನ ಅಚ್ಚುಕಟ್ಟಿನಲ್ಲಿ, ಹಳ್ಳದ ದಂಡೆಯ ತೋಟದ ಮನೆಗಳಲ್ಲಿ ಹೊಗೆ ಇನ್ನಷ್ಟು ಮಡುಗಟ್ಟುತ್ತದೆ. ಒತ್ತಾಗಿ ನಿಂತ ತೆಂಗು, ಅಡಿಕೆಗಳು ಇದ್ದ ಅಲ್ಪ ಗಾಳಿಯನ್ನೂ ತಡೆಯುತ್ತವೆ. ಇದೇ ಕಾಲಕ್ಕೆ ರಾಗಿ ಒಕ್ಕಣೆಯ ಧೂಳೂ ಸೇರುತ್ತದೆ. ೧೯೫೨ರ ಡಿಸೆಂಬರಿನಲ್ಲಿ ಲಂಡನ್ ನಗರದ ಮೇಲೆ ಇಂತಹ ಮುಚ್ಚಳ ಐದು ದಿನ ಕದಲದೆ ನಿಂತು, ಕಲ್ಲಿದ್ದಲಿನ ಹೊಗೆಯಿಂದ ಸಾವಿರಾರು ಜನ ಸತ್ತರು. ನಮ್ಮಲ್ಲಿ ಬಿಸಿಲೇರಿದಂತೆ ಮುಚ್ಚಳ ಒಡೆಯುತ್ತದೆ. ಆದರೆ ಅಷ್ಟರಲ್ಲಿ ಸ್ನಾನ, ಪೂಜೆ, ಹಾಲು ಕರೆಯುವ ಕೆಲಸ ಎಲ್ಲವೂ ಆ ಹೊಗೆಯೊಳಗೇ ಮುಗಿದಿರುತ್ತವೆ.

ಹೊಗೆಯ ಅತಿ ಸೂಕ್ಷ್ಮ ಕಣಗಳು ಎರಡೂವರೆ ಮೈಕ್ರಾನಿಗಿಂತ ಚಿಕ್ಕವು. ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲು. ಮೂಗು ಅವನ್ನು ತಡೆಯಲಾರದು. ಅವು ಶ್ವಾಸಕೋಶದ ಆಳಕ್ಕಿಳಿಯುತ್ತವೆ, ಹೃದಯಕ್ಕೂ ಕೇಡು ಮಾಡುತ್ತವೆ. ಬೀಡಿಯನ್ನು ಕೈಯಲ್ಲೂ ಮುಟ್ಟದ ತಾಯಂದಿರಿಗೆ ಬೀಡಿ ಸೇದಿದವರ ದಮ್ಮು ಬರುವುದು ಹೀಗೆ. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನ ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಒಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಬಾಣಂತಿಯ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಚಿಪ್ಪಿನ ಕೆಂಡವನ್ನು ಮಂಚದ ಬಳಿ ಇಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಹೊಗೆಯಾಡದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡಬಹುದು. ಕೂಸಿಗೆ ಬೆಚ್ಚನೆಯ ಬಟ್ಟೆ ಮತ್ತು ತಾಯಿಯ ಮೈಶಾಖ ಸಾಕು.

ಬಚ್ಚಲ ಒಲೆಯನ್ನು ಒಮ್ಮೆಲೇ ಬಿಡಿರೆಂದು ನಾವು ಹೇಳುವುದಿಲ್ಲ. ಸಿಪ್ಪೆ ತೋಟದಲ್ಲೇ ಸಿಗುವಾಗ ಗ್ಯಾಸಿಗೆ ಹಣ ಸುರಿಯುವವರು ಕಡಿಮೆ. ಒಣ ಸೌದೆ ಬಳಸಿ, ಹೊಗೆಕೊಳವೆಯನ್ನು ಮಾಡಿನಿಂದ ಮೇಲಕ್ಕೆತ್ತಿದರೆ ಬಚ್ಚಲೊಳಗಾದರೂ ಹೊಗೆ ತಗ್ಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೆಲಸ ಮಾಡಿ, ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಗಟ್ಟುವ ಅಸ್ತ್ರ ಒಲೆಯನ್ನು ರೂಪಿಸಿತು. ಕೊಳವೆಯ ಮಸಿ ತೆಗೆಯದೆ ಬಿಟ್ಟ ಮನೆಗಳಲ್ಲಿ ಅದೂ ಹೊಗೆಯ ಒಲೆಯೇ ಆಯಿತೆಂಬುದು ಬೇರೆ ಮಾತು.

ತೋಟದ ಗರಿ, ಸಿಪ್ಪೆಗಳನ್ನು ಸಂಜೆ ಗುಡ್ಡೆ ಹಾಕಿ ಬೆಂಕಿಯಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಆ ಹೊಗೆ ಇಡೀ ರಾತ್ರಿ ಊರ ಮೇಲೆಯೇ ಇರುತ್ತದೆ. ಅವನ್ನು ಮರದ ಪಾತಿಗೆ ಹೊದಿಸಿದರೆ ತೇವ ಉಳಿಯುತ್ತದೆ. ಇದ್ದಿಲಿಗಾಗಿ ಚಿಪ್ಪು ಸುಡುವವರು ಶಾಲೆ, ವಸತಿಗಳಿಂದ ದೂರದಲ್ಲಿ, ಗಾಳಿಯಾಡುವ ನಡುಹಗಲಿನಲ್ಲಿ ಸುಟ್ಟರೆ ನೆರೆಹೊರೆಯವರ ಉಸಿರು ಉಳಿದೀತು. ಶುದ್ಧಗಾಳಿಗೆಂದು ನಸುಕಿನಲ್ಲೇ ನಡೆಯಲು ಹೊರಡುವ ನಿವೃತ್ತ ಮೇಷ್ಟರುಗಳಿಗೆ ನಮ್ಮ ಮಾತು ರುಚಿಸಲಿಕ್ಕಿಲ್ಲ. ಆದರೂ ಮಾಗಿಯಲ್ಲಿ ಎಳೆಬಿಸಿಲು ಕಾಯ್ದು ಇಬ್ಬನಿ ಆರಿದ ಮೇಲೆ ಹೊರಡುವುದೇ ಲೇಸು.

ಗೂರಲು ಇರುವ ಭಕ್ತರು ಕಾರ್ತಿಕದಲ್ಲೇ ಒಮ್ಮೆ ವೈದ್ಯರನ್ನು ಕಂಡು ಔಷಧಿಯ ಪ್ರಮಾಣವನ್ನು ಕೇಳಿಕೊಳ್ಳಬೇಕು. ಇನ್‌ಹೇಲರ್ ಹಿಡಿದರೆ ಅದು ಚಟವಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಮಾತನಾಡಲೂ ಆಗದಷ್ಟು ಉಸಿರು ಕಟ್ಟಿದರೆ, ತುಟಿ ಉಗುರುಗಳು ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯದೆ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು.