ಹೆಸರಿನ ಜಾಡು ಹಿಡಿದು

ಗಂಗಾವತಿ ತಾಲ್ಲೂಕಿನ ಮರಳಿಯ ನಮ್ಮ ಮನೆಯಲ್ಲಿ ನಸುಕಿನ ಚಹಾದ ಜೊತೆಗೇ ರೇಡಿಯೊ ಶುರುವಾಗುತ್ತಿತ್ತು. ವಿವಿಧ ಭಾರತಿಯ ‘ಭೂಲೇ ಬಿಸರೇ ಗೀತ್’ ಅಜ್ಜನಿಗೆ ಪೂಜೆಯಷ್ಟೇ ಮುಖ್ಯ. ನನಗೆ ಹಿಂದಿ ತಿಳಿಯುತ್ತಿರಲಿಲ್ಲ. ಆದರೆ ಒಂದು ಬೆಳಿಗ್ಗೆ ನಿರೂಪಕ ಹೇಳಿದ ಹೆಸರು ಕಿವಿಯಲ್ಲೇ ಉಳಿಯಿತು: ಅಮೀರಬಾಯಿ ಕರ್ನಾಟಕಿ.

“ಅಜ್ಜ, ಕರ್ನಾಟಕಿ ಅಂದ್ರ?”

“ಅಂದ್ರ ಆಕಿ ನಮ್ಮಾಕಿ. ಬೀಳಗಿಯಾಕಿ, ತಮ್ಮಾ.”

ಬೀಳಗಿ ಎಂದರೆ ನಮಗೆ ಪರದೇಶವೇನಲ್ಲ. ಕುಷ್ಟಗಿ, ಇಳಕಲ್ಲು, ಬಾಗಲಕೋಟೆ ದಾಟಿದರೆ ಸಿಗುವ ಊರು. ಅಲ್ಲಿಂದ ಮುಂಬಯಿಯವರೆಗೆ ಆ ದನಿ ಹೋದದ್ದು ಹೇಗೆಂದು ಹುಡುಕುತ್ತ ಹೋದೆ.

ಅಮೀರಬಾಯಿಯ ಅಕ್ಕ ಗೋಹರಬಾಯಿಯೂ ನಟಿ, ಗಾಯಕಿ. ಮರಾಠಿ ರಂಗಭೂಮಿಯ ಬಾಲಗಂಧರ್ವರ ಜೊತೆ ಬಾಳಿದಾಕೆ. ಅಕ್ಕ ಮೊದಲು ಸಿನಿಮಾದ ಬಾಗಿಲು ತಟ್ಟಿದಳು. ಅದೇ ಬಾಗಿಲಿಂದ 1934ರ ‘ವಿಷ್ಣುಭಕ್ತಿ’ ಚಿತ್ರದೊಳಗೆ ತಂಗಿ ಬಂದಳು. ಆ ಕಾಲದಲ್ಲಿ ನಟಿಯಾದವಳಿಗೆ ಹಾಡಲೂ ಬರಬೇಕಿತ್ತು. ಅಮೀರಬಾಯಿಯ ಮುಖಕ್ಕಿಂತ ಮೊದಲು ಜನರ ಮನಸ್ಸಿಗೆ ಇಳಿದದ್ದು ಕೊರಳು. 1940ರ ‘ನರಸೀ ಭಗತ್’ ಚಿತ್ರದಲ್ಲಿ, ಗಾಂಧೀಜಿಗೆ ಪ್ರಿಯವಾಗಿದ್ದ ನರಸಿ ಮೆಹತಾರ ಭಜನೆಗೆ ದನಿಯಾದಳು.

1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಸಾಹಿತ್ಯ. ಖಾನ್ ಮಸ್ತಾನಾ ಜೊತೆ ಆಕೆ ಹಾಡಿದ ಒಂದು ಗೀತೆ ಪರಕೀಯರಿಗೆ ‘ದೂರ ಸರಿಯಿರಿ’ ಎನ್ನುತ್ತಿತ್ತು. ಜರ್ಮನಿ, ಜಪಾನಿನ ಹೆಸರು ಮುಂದಿಟ್ಟುಕೊಂಡ ಕಾರಣ ಬ್ರಿಟಿಷ್ ಸೆನ್ಸಾರ್ ಅದಕ್ಕೆ ಒಪ್ಪಿಗೆ ಕೊಟ್ಟಿತು. ಯಾರನ್ನು ಸರಿಯಲು ಹೇಳುತ್ತಿದ್ದಾರೆಂಬುದು ಟಾಕೀಸಿನಲ್ಲಿ ಕೂತ ಜನರಿಗೆ ಗೊತ್ತಿತ್ತು. ಮರುವರ್ಷ ನೌಷಾದರ ಸಂಗೀತದ ‘ರತನ್’ ಚಿತ್ರಕ್ಕೂ ಹಾಡಿದಳು. 1948ರ ‘ಶಹನಾಜ್’ ಚಿತ್ರಕ್ಕೆ ಆಕೆಯೇ ಸಂಗೀತ ಕೊಟ್ಟಳು. ಹೆಣ್ಣೊಬ್ಬಳು ಹಾರ್ಮೋನಿಯಂ ಮುಂದೆ ಕೂತು ರಾಗ ಕಟ್ಟುವುದು ಅಪರೂಪವಾಗಿದ್ದ ಕಾಲವದು.

1965ರಲ್ಲಿ ಆಕೆ ತೀರಿಹೋದಳು. ಹಿಂದಿ ಹಾಡಿನ ಚರಿತ್ರೆಯಲ್ಲಿ ಉಳಿದ ಆಕೆಯನ್ನು ಕನ್ನಡಿಗರೇ ಮರೆತಿದ್ದರು. ಆ ಕೊರತೆ ತುಂಬಿದವರು ರಹಮತ್ ತರೀಕೆರೆ. ಅವರು ಪಾಠ ಹೇಳುತ್ತಿದ್ದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮಗೆ ಹೊಳೆಯಾಚೆ. ಅಮೀರಬಾಯಿಯ ಬದುಕಿನ ಮೇಲೆ ಅವರು ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದನ್ನು ಓದಿದಾಗ, ಅಜ್ಜ ಒಂದೇ ಮಾತಿನಲ್ಲಿ ಹೇಳಿದ್ದು ನನಗೆ ಪೂರ್ತಿ ತಿಳಿಯಿತು.

ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆ ದಿನವನ್ನು ಆಕೆ ಕಾಣಲಿಲ್ಲ. ಆದರೆ ಅದಕ್ಕೂ ಮೂರು ದಶಕ ಮೊದಲೇ, ಬೀಳಗಿಯ ಆ ಹೆಣ್ಣುಮಗಳು ನಾಡಿನ ಹೆಸರನ್ನು ತನ್ನ ಹೆಸರಿಗೆ ಕಟ್ಟಿಕೊಂಡು ದೇಶವೆಲ್ಲ ಹಾಡಿದ್ದಳು.