ಹಿಗ್ಗಿದ ಬಫರು, ಕುಗ್ಗಿದ ವೇಗ

ಎರಡು ಸಂಸ್ಥೆಗಳ ನಡುವೆ ಕೇವಲ 400 ಗಜಗಳ ಅಂತರ. ಆದರೂ 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಿಂದ ಬರ್ಕ್‌ಲಿಯ ವಿಶ್ವವಿದ್ಯಾನಿಲಯಕ್ಕೆ ಕಂಪ್ಯೂಟರ್ ಜಾಲದ ಮೂಲಕ ಸಂದೇಶ ಮುಟ್ಟಿಸುವುದೇ ದುಸ್ತರವಾಯಿತು. ಸೆಕೆಂಡಿಗೆ 32,000 ಬಿಟ್‌ಗಳಷ್ಟು ಹರಿಯುತ್ತಿದ್ದ ಮಾಹಿತಿಯು 40 ಬಿಟ್‌ಗಳಿಗೆ ಕುಸಿಯಿತು. ತಂತಿ ತುಂಡಾಗಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಹಾಗಾದರೆ ಆದುದೇನು?

ಜಾಲದಲ್ಲಿ ಸಂದೇಶವು ಇಡಿಯಾಗಿ ಹೋಗದೆ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಒಡೆದು ಸಾಗುತ್ತದೆ. ದಾರಿಗಳು ಕೂಡುವೆಡೆಯಲ್ಲಿ ರೂಟರ್ ಎಂಬ ಯಂತ್ರವು ಅವನ್ನು ಸರದಿಯಂತೆ ಮುಂದೆ ಕಳುಹಿಸುತ್ತದೆ. ಸರದಿ ಬರುವವರೆಗೆ ಅವು ತಂಗುವ ತಾಣವೇ ಬಫರು. ತಾಣ ತುಂಬಿದ ಮೇಲೆ ಬಂದ ಪ್ಯಾಕೆಟ್ಟಿಗೆ ಎಡೆಯಿಲ್ಲ. ಅದು ಅಲ್ಲಿಯೇ ನಷ್ಟವಾಗುತ್ತದೆ. ಮುಟ್ಟಿದ ಸುದ್ದಿ ಬಾರದಿರಲು, ಕಳುಹಿಸಿದ ಕಂಪ್ಯೂಟರು ಅದನ್ನೇ ಮತ್ತೆ ಕಳುಹಿಸುತ್ತದೆ. ಎಲ್ಲವೂ ಹೀಗೆಯೇ ಮಾಡತೊಡಗಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆಯೇ ಸರಿ.

ವ್ಯಾನ್ ಜೇಕಬ್ಸನ್ನರು ಮೈಕೇಲ್ ಕ್ಯಾರೆಲ್ಸರೊಡನೆ ರೂಪಿಸಿದ ಪರಿಹಾರ 1988ರಲ್ಲಿ ಪ್ರಕಟವಾಯಿತು. ಪ್ಯಾಕೆಟ್ಟು ಕಳೆದುಹೋದರೆ ಅದು ದಟ್ಟಣೆಯ ಸೂಚನೆಯೆಂದು ಬಗೆದು ಕಂಪ್ಯೂಟರು ತಾನಾಗಿಯೇ ವೇಗ ತಗ್ಗಿಸಬೇಕು. ಹಾದಿ ತೆರವಾದಂತೆ ಮೆಲ್ಲನೆ ಏರಿಸಬೇಕು. ಜಾಲ ಉಳಿದುದು ಈ ಸಂಯಮದಿಂದ.

ಮುಂದೆ ಮೆಮೊರಿ ಅಗ್ಗವಾಯಿತು. ಒಂದು ಪ್ಯಾಕೆಟ್ಟೂ ನಷ್ಟವಾಗಬಾರದೆಂದು ತಯಾರಕರು ಬಫರುಗಳನ್ನು ಹಿಗ್ಗಿಸಿದರು. ಉಪಕಾರವೇ ಅಪಕಾರವಾಯಿತು! ಬಫರು ತುಂಬುವವರೆಗೆ ನಷ್ಟವಿಲ್ಲ, ನಷ್ಟವಿಲ್ಲದೆ ಸೂಚನೆಯಿಲ್ಲ, ಸೂಚನೆಯಿಲ್ಲದೆ ಯಾರೂ ವೇಗ ತಗ್ಗಿಸರು. ಸರದಿಯ ಸಾಲು ಬೆಳೆಯುತ್ತಲೇ ಹೋಗುತ್ತದೆ. ಮನೆಯಲ್ಲಿ ಒಬ್ಬರು ಮದುವೆಯ ಚಿತ್ರಗಳನ್ನು ಕಳುಹಿಸುತ್ತಿರುವಾಗ, ಪರದೇಶದ ಮಗನೊಡನೆ ತಾಯಿ ಆಡುತ್ತಿರುವ ಮಾತು ತಡವಾಗಿ ಮುಟ್ಟುವುದಕ್ಕೆ ಅನೇಕ ವೇಳೆ ಇದೇ ಕಾರಣ. ಜಿಮ್ ಗೆಟ್ಟಿಸ್ ಎಂಬ ತಂತ್ರಜ್ಞರು 2010ರಲ್ಲಿ ತಮ್ಮ ಮನೆಯ ಸಂಪರ್ಕದಲ್ಲಿಯೇ ಈ ದೋಷವನ್ನು ಕಂಡು, ‘ಬಫರ್‌ಬ್ಲೋಟ್’, ಎಂದರೆ ಬಫರಿನ ಹೊಟ್ಟೆಯುಬ್ಬರ, ಎಂಬ ಹೆಸರಿನಿಂದ ಲೋಕದ ಗಮನಕ್ಕೆ ತಂದರು.

ಇದಕ್ಕೂ ಮದ್ದುಂಟು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್ಸನ್ನರು ‘ಕಾಡಲ್’ ಎಂಬ ವಿಧಾನವನ್ನು ಪ್ರಕಟಿಸಿದರು. ಅದು ಸಾಲಿನ ಉದ್ದವನ್ನಲ್ಲ, ಕಾಯುವ ಹೊತ್ತನ್ನು ಅಳೆಯುತ್ತದೆ. 100 ಮಿಲಿಸೆಕೆಂಡುಗಳ ಕಾಲ ಎಲ್ಲ ಪ್ಯಾಕೆಟ್ಟುಗಳೂ 5 ಮಿಲಿಸೆಕೆಂಡಿಗಿಂತ ಹೆಚ್ಚು ಕಾಯಬೇಕಾಗಿ ಬಂದರೆ, ಬಫರು ತುಂಬುವ ಮೊದಲೇ ಒಂದನ್ನು ಬೇಕೆಂದೇ ಕೈಬಿಡುತ್ತದೆ. ಕಳುಹಿಸುವವರಿಗೆ ಆ ಎಚ್ಚರಿಕೆ ಸಾಕು.

ಆದುದರಿಂದ, ಮನೆಯ ಸಂಪರ್ಕ ತಡವರಿಸಿದಾಗ ಹೆಚ್ಚು ಹಣ ತೆತ್ತು ಹೆಚ್ಚಿನ ವೇಗವನ್ನು ಕೊಳ್ಳುವುದೊಂದೇ ಮಾರ್ಗವಲ್ಲ. ಸರದಿಯನ್ನು ಚಿಕ್ಕದಾಗಿಡಬಲ್ಲ ರೂಟರಿದ್ದರೆ, ಇರುವ ವೇಗದಲ್ಲಿಯೇ ತಾಯಿಯ ಮಾತು ಮಗನಿಗೆ ವೇಳೆಗೆ ಸರಿಯಾಗಿ ಮುಟ್ಟೀತು.