ಜಹೀರಾಬಾದಿನ ಕನ್ನಡ ಮನೆಗಳಲ್ಲಿ ವಾಟ್ಸಾಪ್

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಬಹುಭಾಗ ಹಾಗೂ ಗುಲ್ಬರ್ಗ ಜಿಲ್ಲೆಯ ತಾಂಡೂರು ತಾಲೂಕು ಆಂಧ್ರಪ್ರದೇಶದ ಪಾಲಾದವು. 2014ರಿಂದ ಅವು ತೆಲಂಗಾಣದಲ್ಲಿವೆ. ಅಲ್ಲಿನ ಕನ್ನಡ ಮನೆಗಳ ಸ್ಥಿತಿಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗೋ ಇಂಗ್ಲಿಷೋ, ಪೇಟೆಯಲ್ಲಿ ದಖನಿ ಉರ್ದು. ಹೆಣ್ಣು ಕೊಟ್ಟು ತರುವ ನಂಟು ಮಾತ್ರ ಬೀದರ್, ಕಲಬುರಗಿ ಕಡೆಗೆ.

ಈ ನಂಟಿಗೆ ಈಗ ವಾಟ್ಸಾಪ್ ಆಸರೆಯಾಗಿದೆ. ಕನ್ನಡ ಓದಲು ಬಾರದ ಹುಡುಗನೂ ಗಡಿಯಾಚೆಯ ಸೋದರಮಾವನಿಗೆ ಕನ್ನಡದಲ್ಲೇ ಧ್ವನಿಸಂದೇಶ ಕಳುಹಿಸಬಲ್ಲ. ತೆಲುಗು ಬಲ್ಲವನಿಗೆ ಕನ್ನಡ ಅಕ್ಷರ ಕಲಿಯುವುದೂ ಕಷ್ಟವಲ್ಲ, ಎರಡೂ ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. (ಮಲಯಾಳ ಕಲಿತ ನಮ್ಮ ಮಕ್ಕಳಿಗೆ ಆ ಸೌಕರ್ಯವಿಲ್ಲ.) ಇಷ್ಟರಮಟ್ಟಿಗೆ ಮೊಬೈಲಿನಿಂದ ಉಪಕಾರವೇ ಆಗಿದೆ ಎಂದು ನಾವು ಒಪ್ಪಬೇಕು.

ಆದರೆ ನೆಂಟರ ಮಾತು ಬರುವ ದಾರಿಯಲ್ಲೇ ಊರ ಮೇಲಿನ ಗಾಳಿಮಾತೂ ಬರುತ್ತದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ ತಾಲೂಕಿನಲ್ಲಿ ನಡೆದುದನ್ನು ನೆನೆಯಿರಿ. ನಾರಾಯಣಖೇಡಕ್ಕೆ ಅದೇನೂ ದೂರದ ಸೀಮೆಯಲ್ಲ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಹಂದಿಕೇರಾದಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಗುಲ್ಲೆದ್ದಿತು. ಅವರು ಕಾರು ಹತ್ತಿ ಹೊರಟರೆ, ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಕಾರು ಉರುಳಿತು. 32 ವರ್ಷದ ತಂತ್ರಾಂಶ ಉದ್ಯೋಗಿಯೊಬ್ಬನನ್ನು ಜನ ಬಡಿದು ಕೊಂದರು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಗುಂಪಿನ ನಿರ್ವಾಹಕನೂ ಸೇರಿ ಸುಮಾರು 30 ಜನರ ಬಂಧನವಾಯಿತು.

ಅವರೆಲ್ಲ ಹುಟ್ಟಾ ದುಷ್ಟರೆಂದು ನಮಗೆ ಅನಿಸುವುದಿಲ್ಲ. ಸುದ್ದಿ ಹೇಳಿದವರು ಗುರುತಿನವರು, ತಮ್ಮ ಮಾತಿನವರು. ನಂಬಿಕೆಗೆ ಅಷ್ಟು ಸಾಕಾಯಿತು. ಪರಭಾಷೆಯ ನಡುವೆ ಬದುಕುವ ಮನೆಗಳಲ್ಲಿ ಈ ನಂಬಿಕೆ ಇನ್ನೂ ಗಟ್ಟಿ. ಕನ್ನಡದಲ್ಲಿ ಬಂದುದೆಂದರೆ ತವರಿನಿಂದ ಬಂದಂತೆ. ಇದರ ಮೇಲೆ ಹಿರಿತನದ ಪ್ರಶ್ನೆ ಬೇರೆ. ಕುಟುಂಬದ ಗುಂಪಿನಲ್ಲಿ ದೊಡ್ಡಪ್ಪ ಹಾಕಿದ ಸುದ್ದಿಯನ್ನು ಕಾಲೇಜು ಓದುವ ಹುಡುಗಿ ಸುಳ್ಳೆಂದು ಹೇಗೆ ಹೇಳಬೇಕು? ಹೇಳಿದರೆ ಸಭೆಯಲ್ಲಿ ಎದುರಾಡಿದಂತೆ. ಸುಮ್ಮನಿದ್ದರೆ ಸುಳ್ಳು ಮುಂದಿನ ಊರಿಗೆ ನಡೆಯುತ್ತದೆ. ಮೊಬೈಲು ಯುವಕರನ್ನು ಕೆಡಿಸಿತೆಂದು ಗೊಣಗುವ ಹಿರಿಯರು ಈ ಇಕ್ಕಟ್ಟನ್ನು ಗಮನಿಸಿದ್ದಾರೆಯೇ? ಅನೇಕ ಮನೆಗಳಲ್ಲಿ ಸುಳ್ಳನ್ನು ಸುಳ್ಳೆಂದು ಮೊದಲು ಗುರುತಿಸುವವರು ಆ ಮಕ್ಕಳೇ.

ಜಹೀರಾಬಾದಿನ ಹತ್ತಿರದ ಮಾಚನೂರಿನಲ್ಲಿ 2008ರಲ್ಲಿ ದಲಿತ ಮಹಿಳೆಯರು ಸಮುದಾಯ ಬಾನುಲಿಯೊಂದನ್ನು ಆರಂಭಿಸಿದರು. ಹೆಸರು ಸಂಘಂ ರೇಡಿಯೋ. ಭಾಷೆ ಅಲ್ಲಿನ ಆಡುಮಾತಿನ ತೆಲುಗು. ಬೀಜ, ಬೆಳೆ, ಹಾಡು, ಕತೆ ಇವೇ ಅದರ ಸರಕು. ಮಾತನಾಡುವಾಕೆ ಕೇಳುವವರ ನೆರೆಯವಳು. ತಪ್ಪು ಹೇಳಿದರೆ ಮರುದಿನ ಹೊಲದ ಬದುವಿನಲ್ಲೇ ಉತ್ತರ ಕೊಡಬೇಕು. ವಾಟ್ಸಾಪಿನ ಸುದ್ದಿಗೆ ಅಂಥ ಬದುವೊಂದಿಲ್ಲ.

ದೇಶದ ಹಲವೆಡೆ ಇಂಥ ಕೊಲೆಗಳಾದ ಬಳಿಕ, 2018ರ ಜುಲೈಯಲ್ಲೇ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂದು ಕಟ್ಟು ಹಾಕಿತು. ಆದರೆ ಮುರ್ಕಿಯ ರಸ್ತೆಗೆ ಅಡ್ಡ ಹಾಕಿಸಲು ಒಂದೇ ಕಡೆಗೆ ದಾಟಿಸಿದ್ದರೂ ಸಾಕಿತ್ತು.